ಕೆಳಗಿನ ಎಳೆತಕ್ಕೊಂದು ಸೂಪರ್‌ಚಾರ್ಜರ್: ನಾನು ಹಾಕಿದ ಲೆಕ್ಕ, ಬದಲಿಸಿದ ಪುಲ್ಲಿಗಳು

ಏರು ರಸ್ತೆ, ಮೂರನೇ ಗೇರು, 2,200 ಆರ್‌ಪಿಎಂ. ಆಕ್ಸಲರೇಟರ್ ಪೂರ್ತಿ ಒತ್ತಿದ್ದೇನೆ. ಇಂಜಿನ್ ಸದ್ದು ಜಾಸ್ತಿಯಾಯಿತು, ಅಷ್ಟೇ. ಗಾಡಿ ಮುಂದೆ ಹೋಗುವ ಬಗ್ಗೆ ಇನ್ನೂ ಯೋಚಿಸುತ್ತಿದೆ. ಎರಡನೇ ಗೇರಿಗೆ ಇಳಿಸಿದರೆ ಎಳೆಯುತ್ತದೆ, ಆದರೆ ಪ್ರತಿ ತಿರುವಿನಲ್ಲೂ ಇಳಿಸು, ಏರಿಸು, ಮತ್ತೆ ಇಳಿಸು. ಒಂದು ದಿನ ಇದು ಸಾಕಾಯಿತು. ಸೂಪರ್‌ಚಾರ್ಜರ್ ಹಾಕೋಣ ಅಂದುಕೊಂಡೆ. ಬ್ಲೋವರ್ ಅಂತಲೂ ಅನ್ನುತ್ತಾರೆ: ಇಂಜಿನ್‌ನ ಬೆಲ್ಟಿನಿಂದಲೇ ತಿರುಗುತ್ತಾ ಇಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಯಂತ್ರ.

ನನ್ನದು 1994ರ ಮಜ್ದಾ ಎಂಎಕ್ಸ್-5 ಕಾರು. ನಾಲ್ಕು ಸಿಲಿಂಡರ್, 1,839 ಸಿಸಿ, ಟರ್ಬೊ (ಎಗ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಗಾಳಿ ತುಂಬುವ ಯಂತ್ರ) ಇಲ್ಲ. ಹೊಸದಿದ್ದಾಗ 6,500 ಆರ್‌ಪಿಎಂನಲ್ಲಿ 128 ಎಚ್‌ಪಿ, 5,000ದಲ್ಲಿ 149 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಮೇಲಕ್ಕೆ ಓಡಿಸಿದಷ್ಟೂ ಖುಷಿ ಕೊಡುವ ಇಂಜಿನ್ ಅದು. ನನಗೆ ಬೇಕಿದ್ದದ್ದು ಕೆಳಗೆ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ. ಟರ್ಬೊ ಯಾಕೆ ಬೇಡ ಅಂತ ಕೇಳುವವರಿಗೆ ಒಂದೇ ಉತ್ತರ: ಪೆಡಲ್ ಒತ್ತಿದ ಕ್ಷಣಕ್ಕೇ ಎಳೆತ ಬೇಕಿತ್ತು, ಅರೆ ಕ್ಷಣ ಬಿಟ್ಟು ಅಲ್ಲ.

ಶುರುವಿನಲ್ಲಿ ನನ್ನ ತಲೆಯಲ್ಲಿದ್ದದ್ದು ಒಂದೇ ಮಾತು: ದೊಡ್ಡದು ಹಾಕು. ದೊಡ್ಡ ಬ್ಲೋವರ್ ಅಂದರೆ ಜಾಸ್ತಿ ಗಾಳಿ, ಜಾಸ್ತಿ ಗಾಳಿ ಅಂದರೆ ಜಾಸ್ತಿ ಟಾರ್ಕ್. ಇದು ಅರ್ಧ ಸುಳ್ಳು ಅಂತ ಗೊತ್ತಾಗಲು ನನಗೆ ಎಂಟು ತಿಂಗಳು ಹಿಡಿಯಿತು.

ಏನನ್ನೂ ಕೊಳ್ಳುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದೆ. ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ (ಇಸಿಯು) ಅಂಕಿಅಂಶ ಬರೆದಿಡುವ ಲಾಗರ್ ಜೋಡಿಸಿ ಎರಡು ವಾರ ಮಾಮೂಲಿಯಂತೆ ಓಡಿಸಿದೆ. ಆರ್‌ಪಿಎಂ ಎಷ್ಟು, ಥ್ರಾಟಲ್ ಎಷ್ಟು, ಎಷ್ಟು ಹೊತ್ತು. ಆಮೇಲೆ ಕೂತು ಎಣಿಸಿದರೆ, ಹತ್ತು ಪಾಲಿನಲ್ಲಿ ಏಳು ಪಾಲು ಸಮಯ ಇಂಜಿನ್ 1,800ರಿಂದ 3,800ರ ಒಳಗೇ ಇತ್ತು. 5,500 ದಾಟಿದ್ದು ನೂರರಲ್ಲಿ ಎರಡು ಪಾಲೂ ಇಲ್ಲ. ನಾನು ನನ್ನನ್ನು ಭಾರೀ ವೇಗದ ಡ್ರೈವರ್ ಅಂದುಕೊಂಡಿದ್ದೆ. ಲಾಗ್ ಹಾಗೆ ಹೇಳಲಿಲ್ಲ.

ಮೊದಲು ಓಡಿಸಿದ್ದು ಗೆಳೆಯನ ಗಾಡಿ. ಅದೇ ಮಾಡೆಲ್, ಅದೇ ಇಂಜಿನ್, ಅದಕ್ಕೆ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್. ನೋಡಲು ಟರ್ಬೊದ ಅರ್ಧ ಭಾಗದಂತೆ ಇರುತ್ತದೆ. ಬಸವನಹುಳುವಿನ ಚಿಪ್ಪಿನಂಥ ಗೂಡು, ಒಳಗೆ ರೆಕ್ಕೆಗಳಿರುವ ಒಂದು ಚಕ್ರ, ಅದೇ ಇಂಪೆಲ್ಲರ್. ತಿರುಗಿಸುವುದು ಎಗ್ಸಾಸ್ಟ್ ಅಲ್ಲ, ಬೆಲ್ಟ್. ಇಂಪೆಲ್ಲರ್ ಕೆಲಸ ಮಾಡಬೇಕಾದರೆ ಹುಚ್ಚು ವೇಗ ಬೇಕು. ಹಾಗಾಗಿ ಪುಲ್ಲಿಗೂ ಇಂಪೆಲ್ಲರ್‌ಗೂ ನಡುವೆ ವೇಗ ಹೆಚ್ಚಿಸುವ ಗೇರ್ ಇರುತ್ತದೆ. ರೋಟ್ರೆಕ್ಸ್ ಕಂಪನಿಯಂಥವುಗಳಲ್ಲಿ ಹಲ್ಲಿನ ಗೇರ್ ಬದಲು ನುಣುಪಾದ ರೋಲರ್‌ಗಳು, ಅವಕ್ಕೆಂದೇ ಬೇರೆ ಎಣ್ಣೆ.

"ಕೆಳಗೆ ಏನೂ ನಿರೀಕ್ಷೆ ಇಟ್ಕೋಬೇಡ ಕಣೋ," ಅಂತ ಅವನು ಮೊದಲೇ ಹೇಳಿದ್ದ. ನಿಜ. 3,000ದವರೆಗೆ ನನ್ನ ಗಾಡಿಗೂ ಅದಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. 4,500 ದಾಟಿದ ಮೇಲೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ. 6,000ದ ಮೇಲಂತೂ ಮುಗಿಯುವುದೇ ಬೇಡ ಅನ್ನಿಸಿತು. ಇಳಿದಾಗ ನನ್ನ ಮುಖ ಅರಳಿತ್ತು. ಮನೆಗೆ ಬಂದು ಲಾಗ್ ನೋಡಿದಾಗ ಬಾಡಿತು.

ಇದರ ಹಿಂದಿನ ಲೆಕ್ಕ ಸರಳ. ಸೆಂಟ್ರಿಫ್ಯೂಗಲ್‌ನ ಒತ್ತಡ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ. ವೇಗ ಅರ್ಧ ಮಾಡಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಅವನ ಗಾಡಿಯಲ್ಲಿ 7,000ದಲ್ಲಿ 8 ಪಿಎಸ್‌ಐ (ಒತ್ತಡದ ಅಳತೆ) ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡ, ಬರುತ್ತಿತ್ತು. ಹಾಗಿದ್ದರೆ 5,000ದಲ್ಲಿ 4, 3,500ರಲ್ಲಿ 2, 2,500ರಲ್ಲಿ ಬರೀ 1. ನಾನು ದಿನವೂ ಇರುವ ಜಾಗದಲ್ಲಿ ಒಂದೂವರೆ ಪಿಎಸ್‌ಐಗೋಸ್ಕರ ಇಷ್ಟೆಲ್ಲ ಕಬ್ಬಿಣ ಹೊತ್ತು ತಿರುಗಬೇಕಾ? ಹಾಗಂತ ಬ್ಲೋವರ್‌ನ ಪುಲ್ಲಿ ಚಿಕ್ಕದು ಮಾಡಿ, ಇನ್ನೂ ವೇಗವಾಗಿ ತಿರುಗಿಸಿ ಕೆಳಗೆ ಬೂಸ್ಟ್ ತರೋಣ ಅಂದರೆ, ಮೇಲೆ ಒತ್ತಡ ಕೈಮೀರುತ್ತದೆ, ಇಂಪೆಲ್ಲರ್ ವೇಗದ ಮಿತಿಯೂ ದಾಟುತ್ತದೆ. ಟರ್ಬೊದಲ್ಲಿ ಹೆಚ್ಚಾದ ಎಗ್ಸಾಸ್ಟನ್ನು ಪಕ್ಕಕ್ಕೆ ಬಿಟ್ಟು ಬೂಸ್ಟ್ ಹಿಡಿತದಲ್ಲಿಡುವ ವೇಸ್ಟ್‌ಗೇಟ್ ಇದೆ, ಇಲ್ಲಿ ಅದಿಲ್ಲ. ವರ್ಗದ ಲೆಕ್ಕದಿಂದ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಉಳಿದದ್ದು ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಜಾತಿ. ಅಂದರೆ ಒಂದು ಸುತ್ತಿಗೆ ಇಷ್ಟು ಗಾಳಿ ಅಂತ ಅಳೆದು ಒಳಗೆ ಹಾಕುವವು. ಇದರಲ್ಲಿ ರೂಟ್ಸ್ ಮತ್ತು ಸ್ಕ್ರೂ ಅಂತ ಎರಡು.

ರೂಟ್ಸ್ ಹಳೆಯದು. ಅಮೆರಿಕದ ಇಂಡಿಯಾನಾದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡಾಗ ಕಾರೇ ಇರಲಿಲ್ಲ. ಕುಲುಮೆಗೆ ಗಾಳಿ ಊದಲು ಬಳಸುತ್ತಿದ್ದರು. ಎರಡು ರೋಟರ್, ಒಂದಕ್ಕೊಂದು ಹೆಣೆದುಕೊಂಡು ತಿರುಗುತ್ತವೆ, ಆದರೆ ಮುಟ್ಟುವುದಿಲ್ಲ. ಈ ಕಡೆಯ ಗಾಳಿಯನ್ನು ಗೋಡೆಯ ಪಕ್ಕದಿಂದ ಹೊತ್ತು ಆ ಕಡೆ ಸುರಿಯುತ್ತವೆ. ಮುಖ್ಯ ವಿಷಯ ಏನೆಂದರೆ, ಒಳಗೆ ಗಾಳಿಯನ್ನು ಒತ್ತುವುದೇ ಇಲ್ಲ. ಹೊತ್ತು ತಂದ ಗಾಳಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಕಡೆಗೆ ಬಾಯಿ ತೆರೆದಾಗ, ಅಲ್ಲಿ ಮೊದಲೇ ಒತ್ತಡದಲ್ಲಿರುವ ಗಾಳಿ ಹಿಂದಕ್ಕೆ ನುಗ್ಗಿ ಇದನ್ನು ಒತ್ತುತ್ತದೆ. ಆ ನುಗ್ಗಾಟದಲ್ಲೇ ಬಿಸಿ, ಆ ನುಗ್ಗಾಟದಲ್ಲೇ ಸದ್ದು.

ಸ್ಕ್ರೂ ಬೇರೆ. ಸ್ವೀಡನ್ನಿನ ಆಲ್ಫ್ ಲೈಶೋಲ್ಮ್ 1930ರ ದಶಕದಲ್ಲಿ ರೂಪಿಸಿದ್ದು. ಎರಡು ರೋಟರ್‌ಗಳ ಆಕಾರ ಬೇರೆಬೇರೆ, ಗಂಡು ಹೆಣ್ಣು ಅನ್ನುತ್ತಾರೆ. ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಾ ಇರುವ ಜಾಗ ಕಿರಿದಾಗುತ್ತದೆ. ಹೊರಗೆ ಬರುವಷ್ಟರಲ್ಲಿ ಒತ್ತಿಯಾಗಿರುತ್ತದೆ. ಬೂಸ್ಟ್ ಜಾಸ್ತಿ ಇದ್ದಾಗ ಇದೇ ವಾಸಿ, ಬಿಸಿ ಕಡಿಮೆ. ಆದರೆ ನೆಟ್ಟಗೆ ನಿಧಾನವಾಗಿ ಹೋಗುವಾಗ, ಬೂಸ್ಟ್ ಬೇಡದಾಗಲೂ ಅದು ಒಳಗೆ ಒತ್ತುತ್ತಲೇ ಇರುತ್ತದೆ. ರೂಟ್ಸ್‌ಗೆ, ಗಾಳಿಯನ್ನು ಹೊರದಾರಿಯಿಂದ ವಾಪಸ್ ಬಿಡುವ ಬೈಪಾಸ್ ವಾಲ್ವ್ ತೆರೆದರೆ ಅದು ಸುಮ್ನೆ ತಿರುಗುತ್ತದೆ, ಇಂಜಿನ್‌ಗೆ ಭಾರವೇ ಗೊತ್ತಾಗುವುದಿಲ್ಲ.

ಸ್ಕ್ರೂ ಇದ್ದ ಒಂದು ಗಾಡಿಯನ್ನು ಒಮ್ಮೆ ಟ್ರ್ಯಾಕಿನಲ್ಲಿ ಅರ್ಧ ಗಂಟೆ ಓಡಿಸಲು ಸಿಕ್ಕಿತು. ಕೆಳಗೂ ಇದೆ, ಮೇಲೂ ಇದೆ. ನಾನು ಓಡಿಸಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅದೇ, ಮುಚ್ಚಿಡುವುದೇಕೆ. ಆದರೆ ನನ್ನ ಇಂಜಿನ್ ಅಳತೆಯ ಸ್ಕ್ರೂ ಹಳೆಯದು ಸಿಗುವುದು ಅಪರೂಪ. ಹೊಸದು ನನ್ನ ಗಾಡಿಯ ಬೆಲೆಯನ್ನೇ ಮೀರುತ್ತಿತ್ತು. ಅದೂ ಅಲ್ಲದೆ ನಾನು ನೋಡುತ್ತಿದ್ದದ್ದು 7-8 ಪಿಎಸ್‌ಐ ಮಾತ್ರ. ಅಷ್ಟಕ್ಕೆ ರೂಟ್ಸ್ ಎಷ್ಟು ಹಿಂದೆ ಬೀಳುತ್ತದೆ? ಲೆಕ್ಕ ಹಾಕಿದೆ. ಹೊರಗಿನ ಗಾಳಿ 30 ಡಿಗ್ರಿ, ಬೂಸ್ಟ್ 8 ಪಿಎಸ್‌ಐ ಅಂತಿಟ್ಟುಕೊಳ್ಳಿ. ಬ್ಲೋವರ್‌ನ ದಕ್ಷತೆ ನೂರಕ್ಕೆ 55 ಇದ್ದರೆ ಗಾಳಿ 104 ಡಿಗ್ರಿಯಲ್ಲಿ ಹೊರಬರುತ್ತದೆ. 70 ಇದ್ದರೆ 88ರ ಹತ್ತಿರ. ತಿರುಗಿಸಲು ಬೇಕಾಗುವ ಶಕ್ತಿ ಮೇಲಿನ ಆರ್‌ಪಿಎಂನಲ್ಲಿ ಒಂದಕ್ಕೆ ಸುಮಾರು 15 ಎಚ್‌ಪಿ, ಇನ್ನೊಂದಕ್ಕೆ 12. ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್ ಹಾಕಿದರೆ 16 ಡಿಗ್ರಿಯ ಅಂತರ ಬಹುಪಾಲು ಅಳಿಸಿಹೋಗುತ್ತದೆ. ರೂಟ್ಸ್ ಸಾಕು ಅಂತ ತೀರ್ಮಾನಿಸಿದೆ. ಬೂಸ್ಟ್ 15 ಪಿಎಸ್‌ಐ ಬೇಕಿದ್ದರೆ ಈ ತೀರ್ಮಾನ ಮಾಡುತ್ತಿರಲಿಲ್ಲ.

ಇನ್ನು ಗಾತ್ರ. ನಾನು ಎಡವಿದ್ದು ಇಲ್ಲೇ.

ರೂಟ್ಸ್ ಬ್ಲೋವರ್ ಮಾಡುವ ಈಟನ್ ಕಂಪನಿಯ ಹಳೆಯ ಎಂ ಸರಣಿಯಲ್ಲಿ ಹೆಸರಿನಲ್ಲೇ ಅಳತೆ ಇದೆ. ಎಂ45 ಅಂದರೆ ಒಂದು ಸುತ್ತಿಗೆ 45 ಘನ ಇಂಚು, ಅಂದರೆ 737 ಸಿಸಿ. ಎಂ62 ಅಂದರೆ 1,016 ಸಿಸಿ. ಎಂ90 ಅಂದರೆ 1,475 ಸಿಸಿ. ಮಿನಿ ಕೂಪರ್ ಎಸ್‌ನ ಹಳೆಯ 1.6 ಲೀಟರ್ ಇಂಜಿನ್‌ಗೆ ಇದ್ದದ್ದು ಎಂ45. ಆಮೇಲೆ ಬಂದ ಟಿವಿಎಸ್ ಸರಣಿ ಬೇರೆ. (ಬೈಕ್ ಕಂಪನಿ ಅಲ್ಲ, ಟ್ವಿನ್ ವೋರ್ಟಿಸಸ್ ಸೀರೀಸ್.) ಎಂ ಸರಣಿಯ ರೋಟರ್‌ನಲ್ಲಿ ಮೂರು ಲೋಬ್ (ಗಾಳಿ ಹೊರುವ ಉಬ್ಬು), 60 ಡಿಗ್ರಿ ತಿರುಚು. ಟಿವಿಎಸ್‌ನಲ್ಲಿ ನಾಲ್ಕು ಲೋಬ್, 160 ಡಿಗ್ರಿ. ಅದೇ ರೂಟ್ಸ್, ಆದರೆ ಬಿಸಿ ಬಹಳ ಕಡಿಮೆ. 0.9 ಲೀಟರಿನ ಆರ್900 ನನ್ನ ಇಂಜಿನ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಸಿಗಲಿಲ್ಲ, ಬಿಟ್ಟೆ.

ನನ್ನ ಕಣ್ಣು ಎಂ90 ಮೇಲಿತ್ತು. ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ, ನೋಡಲೂ ಗಟ್ಟಿಮುಟ್ಟು. ಕೊಳ್ಳುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಂಡು ಕೂತೆ.

ನನ್ನ ಇಂಜಿನ್ ಒಂದು ಸುತ್ತಿಗೆ ಒಳಗೆಳೆಯುವುದು 1,839ರ ಅರ್ಧ, ಅಂದರೆ 920 ಸಿಸಿ. ನಾಲ್ಕು ಸ್ಟ್ರೋಕ್ ಇಂಜಿನ್ ಅಲ್ವಾ, ಎರಡು ಸುತ್ತಿಗೊಮ್ಮೆ ಪೂರ್ತಿ ಉಸಿರು. ಎಂ62 ಅನ್ನು ಇಂಜಿನ್‌ನ ಒಂದೂವರೆ ಪಟ್ಟು ವೇಗದಲ್ಲಿ ತಿರುಗಿಸಿದರೆ ಇಂಜಿನ್‌ನ ಒಂದು ಸುತ್ತಿಗೆ 1,524 ಸಿಸಿ. ಅದರಲ್ಲಿ ನೂರಕ್ಕೆ 15 ಸೋರಿಹೋಯಿತು ಅಂದುಕೊಂಡರೂ 1,295 ಉಳಿಯುತ್ತದೆ. ಇಂಟರ್‌ಕೂಲರ್ ಆದಮೇಲೂ ಗಾಳಿ ಸ್ವಲ್ಪ ಬಿಸಿಯೇ ಇರುತ್ತದೆ, ಅದನ್ನೂ ಸೇರಿಸಿದರೆ ಬೂಸ್ಟ್ 7 ಪಿಎಸ್‌ಐ ಚಿಲ್ಲರೆ. ದಪ್ಪ ಲೆಕ್ಕ. ಆದರೆ ಆಮೇಲೆ ಗೇಜಿನಲ್ಲಿ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ.

ಈಗ ಅದೇ 1,524 ಸಿಸಿ ಗಾಳಿಯನ್ನು ಮೂರರಿಂದಲೂ ತರಬೇಕು. ಎಂ45 ಅನ್ನು 2.07 ಪಟ್ಟು ತಿರುಗಿಸಬೇಕು. ಎಂ62 ಅನ್ನು 1.5 ಪಟ್ಟು. ಎಂ90 ಅನ್ನು ಬರೀ 1.03 ಪಟ್ಟು. ಇಂಜಿನ್ 7,000ದಲ್ಲಿದ್ದಾಗ ಎಂ45 ಸುಮಾರು 14,500ರಲ್ಲಿ ಕಿರುಚುತ್ತಿರುತ್ತದೆ. ಎಂ62 10,500ರಲ್ಲಿ. ಎಂ90 ಆರಾಮವಾಗಿ 7,200ರಲ್ಲಿ.

ಆಗ ಹೊಳೆಯಿತು. ಬೂಸ್ಟ್ ಒಂದೇ ಆದರೆ ಕೆಳಗಿನ ಟಾರ್ಕ್ ಕೂಡ ಹೆಚ್ಚುಕಡಿಮೆ ಒಂದೇ. ಒಂದು ಸುತ್ತಿಗೆ ಒಳಗೆ ಹೋಗುವ ಗಾಳಿಯನ್ನು ನಿರ್ಧರಿಸುವುದು ಗಾತ್ರ ಒಂದೇ ಅಲ್ಲ, ಗಾತ್ರ ಮತ್ತು ಪುಲ್ಲಿಯ ಗುಣಾಕಾರ. ಗಾತ್ರದ ವ್ಯತ್ಯಾಸ ಕಾಣುವುದು ತುದಿಯಲ್ಲಿ. ಚಿಕ್ಕದು ಮೇಲಿನ ಆರ್‌ಪಿಎಂನಲ್ಲಿ ಉಸಿರುಗಟ್ಟಿ ಬರೀ ಬಿಸಿ ಗಾಳಿ ಊದುತ್ತದೆ. ದೊಡ್ಡದು ತಣ್ಣಗಿರುತ್ತದೆ.

ಹಾಗಾದರೆ ದೊಡ್ಡದೇ ಒಳ್ಳೆಯದಲ್ವಾ? ನಾನೂ ಒಂದು ಗಂಟೆ ಹಾಗೇ ಅಂದುಕೊಂಡೆ. ಆಮೇಲೆ ಸೋರಿಕೆಯ ನೆನಪಾಯಿತು. ರೋಟರ್‌ಗಳು ಮುಟ್ಟುವುದಿಲ್ಲ ಅಂದೆನಲ್ಲ, ಆ ಕೂದಲೆಳೆಯಂಥ ಸಂದಿನಲ್ಲಿ ಗಾಳಿ ಹಿಂದಕ್ಕೆ ಸೋರುತ್ತದೆ. ಆ ಸೋರಿಕೆ ಸುತ್ತಿನ ಲೆಕ್ಕದ್ದಲ್ಲ, ಗಡಿಯಾರದ ಲೆಕ್ಕದ್ದು. ಒತ್ತಡ ಒಂದೇ ಇದ್ದರೆ ಸೆಕೆಂಡಿಗೆ ಇಷ್ಟು ಅಂತ ಹೋಗುತ್ತಲೇ ಇರುತ್ತದೆ. ಇಂಜಿನ್ 2,200ರಲ್ಲಿದ್ದರೆ ಎಂ90ಯ ರೋಟರ್ ತಿರುಗುವುದು 2,270ರಲ್ಲಿ. ನಿಧಾನಕ್ಕೆ ತಿರುಗುವ ಉದ್ದನೆಯ ರೋಟರ್, ಉದ್ದನೆಯ ಸಂದು, ಸೋರಲು ಬೇಕಾದಷ್ಟು ಸಮಯ. ಅಂದರೆ ನನಗೆ ಎಲ್ಲಿ ಬೇಕೋ ಅಲ್ಲೇ ಅದು ಸಡಿಲ. ಎಂ45 ಅದೇ ಹೊತ್ತಿನಲ್ಲಿ 4,550ರಲ್ಲಿ ತಿರುಗುತ್ತಾ ಬಿಗಿಯಾಗಿರುತ್ತದೆ. ಕೆಳಗಿನ ಎಳೆತಕ್ಕೆ ದೊಡ್ಡದು ಹಾಕು ಅನ್ನುವ ಮಾತು ತಲೆಕೆಳಗಾಯಿತು. ಎಂ90 ಕೈಬಿಟ್ಟೆ. ಎಂ45 ಸಾಕಿತ್ತು, ನಿಜವಾಗಿ. ಆದರೆ ಮುಂದೆ ಒಂದೆರಡು ಪಿಎಸ್‌ಐ ಏರಿಸುವ ಆಸೆ ಇತ್ತು, ಆಗ ಅದಕ್ಕೆ ಓಡಲು ಜಾಗವಿಲ್ಲ. ನಡುವಿನ ಎಂ62 ತೆಗೆದುಕೊಂಡೆ.

ಬಂದದ್ದು ಹಳೆಯ ಮಾಲು. ಕೈಯಲ್ಲಿ ಪುಲ್ಲಿ ತಿರುಗಿಸಿದರೆ ಒಳಗೆ ಗೋಲಿ ಅಲ್ಲಾಡಿಸಿದಂತೆ ಕಟಕಟ. ನನ್ನ ಎದೆ ಧಸಕ್ಕೆಂದಿತು. ಬೇರಿಂಗ್ ಹೋಗಿದೆ ಅಂದುಕೊಂಡೆ. ಮುಂದಿನ ಮೂತಿಯ ಬೋಲ್ಟ್ ಬಿಚ್ಚಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತೆಗೆದೆ. ಒಳಗಿನ ಎಣ್ಣೆಯ ವಾಸನೆ ಹೇಗಿತ್ತು ಅಂದರೆ, ಗೋಡೆ ಸಂದಿನಲ್ಲಿ ಇಲಿ ಸತ್ತು ವಾರವಾದ ಹಾಗೆ. ಈ ಎಣ್ಣೆ ಹೊಸದಿದ್ದರೂ ನಾರುತ್ತದೆ ಅಂತ ಆಮೇಲೆ ಗೊತ್ತಾಯಿತು. ಕೈಯಿಂದ ಹೋಗಲು ಎರಡು ದಿನ ಬೇಕು.

ಸದ್ದು ಬೇರಿಂಗ್‌ನದಲ್ಲ. ಪುಲ್ಲಿಯ ಶಾಫ್ಟಿಗೂ ಗೇರಿಗೂ ನಡುವೆ ಒಂದು ಪ್ಲಾಸ್ಟಿಕ್ ಕಪ್ಲರ್ ಇರುತ್ತದೆ. ಎರಡೂ ಕಡೆಯಿಂದ ಸ್ಟೀಲ್ ಪಿನ್ನುಗಳು ಅದರ ತೂತಿನೊಳಗೆ ಕೂರುತ್ತವೆ. ವರ್ಷಗಟ್ಟಲೆ ಪೆಟ್ಟು ತಿಂದು ದುಂಡಗಿನ ತೂತು ಹುಣಸೆಬೀಜದಂತೆ ಉದ್ದಕ್ಕಾಗಿತ್ತು. ಐಡಲ್‌ನಲ್ಲಿ ಇಂಜಿನ್ ಮುಕ್ಕರಿಸಿದಾಗಲೆಲ್ಲ ಪಿನ್ ಅತ್ತಿತ್ತ ಬಡಿಯುತ್ತದೆ, ಅಷ್ಟೇ. ಹೊಸ ಕಪ್ಲರ್, ಹೊಸ ಸೀಲ್, ಹೊಸ ಎಣ್ಣೆ. ರೋಟರ್‌ಗಳ ಸಂದಿಗೆ ಫೀಲರ್ ಗೇಜ್ ಹಾಕಿ ಉದ್ದಕ್ಕೂ ನೋಡಿದೆ, ಎಲ್ಲ ಕಡೆ ಒಂದೇ ಸಮ ಇತ್ತು. ಲೇಪ ಎರಡು ಕಡೆ ಸ್ವಲ್ಪ ಎದ್ದಿತ್ತು, ಗೋಡೆಗೆ ಗೀರು ಬಿದ್ದಿರಲಿಲ್ಲ. ಹಳೆಯದು ಕೊಳ್ಳುವವರು ಕಟಕಟ ಸದ್ದಿಗೆ ಹೆದರಬೇಡಿ. ಹೆದರಬೇಕಾದದ್ದು ಗೋಡೆಯ ಗೀರಿಗೆ.

ಅದರ ಜೊತೆ ಬಂದ ಪುಲ್ಲಿ 65 ಮಿಲಿಮೀಟರ್. ಅದನ್ನು ತಿರುಗಿಸುವ ಇಂಜಿನ್ ಕಡೆಯ ಪುಲ್ಲಿ, ಅಂದರೆ ಕ್ರ್ಯಾಂಕ್ ಪುಲ್ಲಿ, 135. ಹಾಗೇ ಹಾಕಿದ್ದರೆ ಏನಾಗುತ್ತಿತ್ತು? 2.08 ಪಟ್ಟು. ಇಂಜಿನ್ 7,000ದಲ್ಲಿ ಬ್ಲೋವರ್ 14,500, ಅದರ ಮಿತಿ 14,000. ಬೂಸ್ಟ್ 15 ಪಿಎಸ್‌ಐ ಮೇಲೆ. 9ಕ್ಕೆ 1ರ ಕಂಪ್ರೆಷನ್ ಇರುವ, ಒಳಗೆ ಏನೂ ಮುಟ್ಟದ ಇಂಜಿನ್‌ಗೆ ಅದು ಮರಣಶಾಸನ. ಪುಲ್ಲಿಯನ್ನು ಒತ್ತಿ ಕೂರಿಸಿರುತ್ತಾರೆ, ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋದರೆ ಶಾಫ್ಟ್ ಬಾಗುತ್ತದೆ. ಪುಲ್ಲರ್ ಹಾಕಿ ತೆಗೆದೆ. ಲೇತ್‌ನಲ್ಲಿ 90 ಮಿಲಿಮೀಟರಿನ ಒಂದು ಪುಲ್ಲಿ ಮಾಡಿಸಿದೆ. ಸರಿಯಾಗಿ ಒಂದೂವರೆ ಪಟ್ಟು.

ಬ್ರಾಕೆಟ್, ಪೈಪು, ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಹೊಸ ಇಸಿಯು. ಮೂರು ವಾರಾಂತ್ಯ ಅಂದುಕೊಂಡಿದ್ದೆ, ಹನ್ನೊಂದು ಹಿಡಿಯಿತು. ಅದರ ಬಗ್ಗೆ ಹೇಳಲು ವಿಶೇಷವೇನೂ ಇಲ್ಲ. ಬ್ರಾಕೆಟ್ ಒಂದು ಕೂದಲಷ್ಟು ಓರೆಯಾದರೂ ಬೆಲ್ಟ್ ಕಳಚಿಕೊಳ್ಳುತ್ತದೆ ಅನ್ನುವುದು ನಾಲ್ಕು ಸಲ ಕಳಚಿಕೊಂಡ ಮೇಲೆ ಗೊತ್ತಾಯಿತು.

ಮೊದಲ ದಿನ ಅದೇ ಏರು ರಸ್ತೆಗೆ ಹೋದೆ. ಮೂರನೇ ಗೇರು, 2,200. ಪೆಡಲ್ ಅರ್ಧ ಒತ್ತಿದ್ದೇ ತಡ, ಗಾಡಿ ಹೊರಟೇಬಿಟ್ಟಿತು. ಗೇಜಿನಲ್ಲಿ ಬೂಸ್ಟ್ 6 ತೋರಿಸುತ್ತಿತ್ತು. ಗೇರ್ ಲಿವರ್ ಮೇಲಿದ್ದ ಕೈ ಅಭ್ಯಾಸಬಲದಿಂದ ಅಲ್ಲೇ ಇತ್ತು, ಕೆಲಸ ಮಾತ್ರ ಇರಲಿಲ್ಲ.

ಡೈನೋ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಚಕ್ರದಲ್ಲಿ ಅಳೆಸಿದೆ. ಮೊದಲು 3,000ದಲ್ಲಿ 122 ನ್ಯೂಟನ್ ಮೀಟರ್ ಇತ್ತು, ಈಗ 166. ಮೇಲೆ 105 ಎಚ್‌ಪಿ ಇದ್ದದ್ದು 150. ಗೆಳೆಯನ ಸೆಂಟ್ರಿಫ್ಯೂಗಲ್ ಗಾಡಿಯನ್ನೂ ಅದೇ ದಿನ, ಅದೇ ಡೈನೋ ಮೇಲೆ ಏರಿಸಿದೆವು. 3,000ದಲ್ಲಿ 132 ನ್ಯೂಟನ್ ಮೀಟರ್, 7,000ದಲ್ಲಿ 168 ಎಚ್‌ಪಿ. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ 6,200ರ ಹತ್ತಿರ ಒಂದನ್ನೊಂದು ದಾಟುತ್ತಿದ್ದವು. ಅಲ್ಲಿಂದ ಮುಂದೆ ಅವನದು. ಅಲ್ಲಿಯವರೆಗೆ ನನ್ನದು. ಕಾಗದದ ಮೇಲೆ ಗೆದ್ದವನು ಅವನು, 18 ಎಚ್‌ಪಿ ಜಾಸ್ತಿ. ನನ್ನ ಲಾಗ್ ಪ್ರಕಾರ ನಾನು 6,200 ದಾಟುವುದು ತಿಂಗಳಿಗೆ ನಾಲ್ಕೈದು ಸಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಸುಮ್ನಿರಬೇಕಲ್ಲ. 82 ಮಿಲಿಮೀಟರಿನ ಪುಲ್ಲಿ ಮಾಡಿಸಿದೆ. 1.65 ಪಟ್ಟು, ಲೆಕ್ಕದ ಪ್ರಕಾರ 10 ಪಿಎಸ್‌ಐ.

ಹಾಕಿ ಓಡಿಸಿದರೆ ಕೆಳಗೆ ಎಳೆತ ಜಾಸ್ತಿಯಾಯಿತು, ಆದರೆ 5,500ರ ಮೇಲೆ ಗಾಡಿ ಸೊರಗಿತು. ಲಾಗ್‌ನಲ್ಲಿ ಬೂಸ್ಟ್ 10ರವರೆಗೆ ನೆಟ್ಟಗೆ ಏರಿ, ಅಲ್ಲಿಂದ 7ಕ್ಕೆ ಜಾರುತ್ತಿತ್ತು. ಮೊದಲು ಪೈಪ್ ಎಲ್ಲೋ ಬಿಟ್ಟಿದೆ ಅಂದುಕೊಂಡು ಎಲ್ಲ ಕ್ಲಾಂಪ್ ಬಿಗಿ ಮಾಡಿದೆ. ಆಮೇಲೆ ಬೈಪಾಸ್ ವಾಲ್ವ್ ಬಿಚ್ಚಿ ನೋಡಿದೆ. ಎರಡೂ ಸರಿ ಇದ್ದವು. ಮೂರನೇ ಸಲ ಬಾನೆಟ್ ಎತ್ತಿದಾಗ ಅದರ ಒಳಮೈಯಲ್ಲಿ ಬೆಲ್ಟಿನ ನೇರಕ್ಕೆ ಒಂದು ಕಪ್ಪು ಪಟ್ಟಿ ಕಂಡಿತು. ಬೆರಳಿನಿಂದ ಒರೆಸಿದರೆ ಕಾಡಿಗೆಯಂತೆ ಅಂಟಿತು. ರಬ್ಬರ್ ಪುಡಿ. ಪುಲ್ಲಿಯ ಮೇಲೆ ಎರಡು ಹನಿ ನೀರು ಚಿಮುಕಿಸಿದೆ, ಚುಂಯ್ ಎಂದಿತು. ಬೆಲ್ಟ್ ಜಾರುತ್ತಿತ್ತು.

ಪುಲ್ಲಿ ಚಿಕ್ಕದಾದಂತೆ ಬೆಲ್ಟ್ ಅದನ್ನು ಅಪ್ಪಿ ಹಿಡಿಯುವ ಜಾಗ ಕಡಿಮೆಯಾಗುತ್ತದೆ, ಎಳೆಯಬೇಕಾದ ಭಾರ ಮಾತ್ರ ಹೆಚ್ಚುತ್ತದೆ. ನನ್ನದು ನಾಲ್ಕು ಗೆರೆಯ ಬೆಲ್ಟ್. ಟೆನ್ಷನ್ ಜಾಸ್ತಿ ಮಾಡಿ ನೋಡಿದೆ, ಎರಡು ವಾರದಲ್ಲಿ ಆಲ್ಟರ್ನೇಟರ್ ಬೇರಿಂಗ್ ಗೊಣಗಲು ಶುರುಮಾಡಿತು. ಅದು ದಾರಿಯಲ್ಲ. ಆರು ಗೆರೆಯ ಪುಲ್ಲಿಗಳಿಗೆ ಬದಲಾಯಿಸಿ, ಬೆಲ್ಟ್ ಬ್ಲೋವರ್‌ನ ಪುಲ್ಲಿಯನ್ನು ಇನ್ನಷ್ಟು ಸುತ್ತಿಕೊಂಡು ಬರುವಂತೆ ಒಂದು ಐಡ್ಲರ್ ಸೇರಿಸಿದೆ. ಜಾರುವುದು ನಿಂತಿತು. ಈ ಇಡೀ ಕೆಲಸದಲ್ಲಿ ಬ್ಲೋವರ್ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ, ಬೆಲ್ಟಿನ ಬಗ್ಗೆ ಐದು ನಿಮಿಷವೂ ಯೋಚಿಸಿರಲಿಲ್ಲ.

ಬೆಲ್ಟ್ ಸರಿಹೋದ ಮೇಲೆ ಇನ್ನೊಂದು ಎದ್ದಿತು. ಬೆಳಗಿನ ತಂಪಿನಲ್ಲಿ ಗಾಡಿ ಹುಲಿ. ಮಧ್ಯಾಹ್ನ ಟ್ರಾಫಿಕ್‌ನಲ್ಲಿ ನಿಂತು ಹೊರಟರೆ 2,500ರ ಹತ್ತಿರ ಇಂಜಿನ್‌ನಿಂದ ಸಣ್ಣಗೆ ಟಿಣ್‌ಟಿಣ್. ನಾಕಿಂಗ್. ಕೆಳಗಿನ ಟಾರ್ಕ್‌ಗೆ ಕೊಡಬೇಕಾದ ಬೆಲೆ ಇದು. ಆರ್‌ಪಿಎಂ ಕಡಿಮೆ ಇದ್ದಾಗ ಪಿಸ್ಟನ್ ನಿಧಾನ. ಒತ್ತಿದ ಬಿಸಿ ಗಾಳಿ-ಪೆಟ್ರೋಲು ಸಿಲಿಂಡರ್‌ನಲ್ಲಿ ಜಾಸ್ತಿ ಹೊತ್ತು ಬೇಯುತ್ತದೆ, ತಾನಾಗೇ ಹತ್ತಿಕೊಳ್ಳಲು ಸಮಯ ಸಿಗುತ್ತದೆ. ಸೆಂಟ್ರಿಫ್ಯೂಗಲ್‌ನವರಿಗೆ ಈ ತಲೆನೋವು ಕಡಿಮೆ, ಅಲ್ಲಿ ಬೂಸ್ಟೇ ಇರುವುದಿಲ್ಲವಲ್ಲ. ಇಗ್ನಿಷನ್ ಹಿಂದಕ್ಕೆ ಎಳೆದೆ, ಅಂದರೆ ಕಿಡಿ ಸ್ವಲ್ಪ ತಡವಾಗಿ ಹಾರುವಂತೆ ಮಾಡಿದೆ. ಒಂದು ಪಿಎಸ್‌ಐಗೆ ಒಂದು ಡಿಗ್ರಿ ಅಂತ ಶುರುಮಾಡಿದ್ದೆ, ಕೆಳಗೆ ಇನ್ನೂ ಮೂರು ಡಿಗ್ರಿ ತೆಗೆಯಬೇಕಾಯಿತು. ಮತ್ತೆ ಡೈನೋ. ತಂಪಿನಲ್ಲಿ 3,000ದಲ್ಲಿ 182 ಬಂತು. ನಾಲ್ಕು ಸಲ ಬೆನ್ನುಬೆನ್ನಿಗೆ ಓಡಿಸಿ ಬಿಸಿ ಮಾಡಿ ಅಳೆದರೆ 169. ಅಂದರೆ ಮೂರು ಪಿಎಸ್‌ಐ ಜಾಸ್ತಿ ಊದಿ ಸಿಕ್ಕಿದ್ದು ಮೂರು ನ್ಯೂಟನ್ ಮೀಟರ್. ಮೇಲೆ 159 ಎಚ್‌ಪಿ. ಇದರ ಜೊತೆಗೆ ನಾಲ್ಕನೇ ಗೇರಿನಲ್ಲಿ ಕ್ಲಚ್ ಕೂಡ ಜಾರಲು ಶುರು. ಕನೆಕ್ಟಿಂಗ್ ರಾಡ್‌ಗಳು ಎಷ್ಟು ದಿನ ಸುಮ್ಮನಿರುತ್ತವೋ ಅನ್ನುವ ಭಯ ಬೇರೆ. ರಾಡ್ ಬಗ್ಗುವುದು ಕೆಳಗಿನ ಟಾರ್ಕ್‌ನ ಒದೆತಕ್ಕೇ.

ಕೊನೆಗೆ 86 ಮಿಲಿಮೀಟರ್. 1.57 ಪಟ್ಟು, 8.5 ಪಿಎಸ್‌ಐ. ಬಿಸಿಯಲ್ಲೂ 174 ನ್ಯೂಟನ್ ಮೀಟರ್, ಮೇಲೆ 155 ಎಚ್‌ಪಿ. ದೊಡ್ಡ ಬೂಸ್ಟಿಗಿಂತ ನಡುವಿನ ಬೂಸ್ಟ್ ಜಾಸ್ತಿ ಟಾರ್ಕ್ ಕೊಟ್ಟಿತು, ಯಾಕೆಂದರೆ ಇಗ್ನಿಷನ್ ಅಷ್ಟು ಹಿಂದಕ್ಕೆ ಎಳೆಯಬೇಕಾಗಲಿಲ್ಲ. ಆರು ಗೆರೆಯ ಬೆಲ್ಟ್ ಹಾಗೇ ಇದೆ. ಕ್ಲಚ್ ಗಟ್ಟಿಯದು ಹಾಕಿಸಿದೆ.

ಕಳೆದ ತಿಂಗಳು ಮತ್ತೆ ಎರಡು ವಾರ ಲಾಗ್ ಮಾಡಿದೆ. ಈಗ ಹತ್ತರಲ್ಲಿ ಏಳು ಪಾಲು 1,600ರಿಂದ 3,300ರ ಒಳಗೆ. ಇಂಜಿನ್ ಇನ್ನೂ ಕೆಳಗೆ ಇಳಿದಿದೆ, ಗಾಡಿ ಮೊದಲಿಗಿಂತ ವೇಗವಾಗಿ ಹೋಗುತ್ತಿದೆ. 6,000 ದಾಟಿದ್ದು ಒಂದೇ ಸಲ. ಅದೂ ನಾನಲ್ಲ, ಗೆಳೆಯ ಓಡಿಸಿದಾಗ. ಇಳಿದು ಬಂದು ಕೀ ಕೊಟ್ಟು, "ಮೇಲೆ ಹೋದ್ರೆ ಏನೂ ಇಲ್ವಲ್ಲೋ ಮಾರಾಯ," ಅಂದ. ಆಮೇಲೆ ಅವನ ಗಾಡಿ ಹತ್ತಿ, ಅದೇ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿಕೊಂಡು ಹೋದ.